ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇರಬೇಕು?

ನಾನು ಸರ್ಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನ ಪಾಠ ಮಾಡುತ್ತೇನೆ. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗೇ ಬಂತು. ದಾಸ್ತಾನು ಪುಸ್ತಕದಲ್ಲಿ ಎಲ್ಲವೂ ಇತ್ತು: ಕಂಪ್ಯೂಟರ್, ಪ್ರೊಜೆಕ್ಟರ್, ಯುಪಿಎಸ್. ರೂಮಿಗೆ ಮಾತ್ರ ಬೀಗ. ಏನಾದರೂ ಕೆಟ್ಟರೆ ಯಾರು ಹೊಣೆ ಅನ್ನೋ ಭಯಕ್ಕೆ ಯಾರೂ ತೆಗೆಯುತ್ತಿರಲಿಲ್ಲ. ಶಾಲೆಗೆ ಎಷ್ಟು ಮಷಿನ್ ಬಂತು ಅಂತ ಎಲ್ಲರೂ ಲೆಕ್ಕ ಇಡುತ್ತಾರೆ. ಒಂದು ಮಗು ವಾರದಲ್ಲಿ ಎಷ್ಟು ಹೊತ್ತು ಅದರ ಮುಂದೆ ಕೂತಿತು ಅನ್ನೋ ಲೆಕ್ಕ ಎಲ್ಲೂ ಇರೋದಿಲ್ಲ. ನಾನು ಕೆಲಸ ಶುರು ಮಾಡಿದ್ದೇ ಅಲ್ಲಿಂದ.

ಮೊದಲು ರಿಪೇರಿ. ಬಹಳ ದಿನ ಬಂದ್ ಆಗಿದ್ದ ಮಷಿನ್ ಆನ್ ಮಾಡಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಒಳಗಿನ ಮುಖ್ಯ ಬೋರ್ಡಿನಲ್ಲಿ (ಮದರ್‌ಬೋರ್ಡ್) ಗಡಿಯಾರ ನಡೆಸುವ ಸಿಆರ್2032 ಅನ್ನೋ ಪುಟ್ಟ ಸೆಲ್ ಇರುತ್ತದೆ, ಅದು ಸತ್ತಿರುತ್ತದೆ ಅಷ್ಟೇ. ತಾರೀಖು ತಪ್ಪಾದರೆ ಬ್ರೌಸರ್ ಯಾವ ವೆಬ್‌ಸೈಟನ್ನೂ ನಂಬೋದಿಲ್ಲ, ಯಾಕಂದ್ರೆ ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಜನ ಇಂಟರ್ನೆಟ್ಟೇ ಕೆಟ್ಟಿದೆ ಅಂದುಕೊಂಡು ಕೈಬಿಡುತ್ತಾರೆ. ಸೆಲ್ ಬದಲಿಸಿದೆ, ಧೂಳು ತೆಗೆದೆ, ಹಳೇ ಹಾರ್ಡ್ ಡಿಸ್ಕ್ ಜಾಗಕ್ಕೆ ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿದೆ. ಹಳೇ ಕಂಪ್ಯೂಟರಿಗೆ ಎಸ್‌ಎಸ್‌ಡಿಯಷ್ಟು ಉಪಯೋಗ ಇನ್ಯಾವುದರಿಂದಲೂ ಆಗೋದಿಲ್ಲ ಅನ್ನೋದು ನನ್ನ ಅನುಭವ. ಆಮೇಲೆ ವಿಂಡೋಸ್ ಬದಲು ಲಿನಕ್ಸ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ನಮ್ಮ ಮಷಿನ್‌ಗಳಲ್ಲಿ ಇಲ್ಲ. ಅದಕ್ಕೆ ಅವನ್ನು ಗುಜರಿಗೆ ಹಾಕಬೇಕಾ? ಖಂಡಿತ ಬೇಡ.

ಇಂಟರ್ನೆಟ್ ನಂಬಿಕೊಂಡು ಪಾಠ ಯೋಜಿಸಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಇದ್ದುದರಲ್ಲಿ ಚೆನ್ನಾಗಿದ್ದ ಒಂದು ಮಷಿನ್‌ನಲ್ಲಿ ಕೊಲಿಬ್ರಿ ಹಾಕಿದೆ. ಲರ್ನಿಂಗ್ ಈಕ್ವಾಲಿಟಿ ಅನ್ನೋ ಸಂಸ್ಥೆ ಉಚಿತವಾಗಿ ಕೊಡುವ ತಂತ್ರಾಂಶ ಅದು. ಒಂದು ಸಲ ನೆಟ್ ಇರುವ ಕಡೆ ಪಾಠ, ವಿಡಿಯೊ, ಅಭ್ಯಾಸಗಳನ್ನು ಇಳಿಸಿಕೊಂಡರೆ ಸಾಕು, ಉಳಿದ ಕಂಪ್ಯೂಟರ್‌ಗಳು ಲ್ಯಾಬಿನ ಒಳಗಿನ ವೈಫೈನಲ್ಲೇ ಬ್ರೌಸರ್ ಮೂಲಕ ಅದನ್ನು ತೆರೆಯುತ್ತವೆ, ಟ್ಯಾಬ್ಲೆಟ್ಟಿನಲ್ಲೂ ಬರುತ್ತದೆ. ಮಕ್ಕಳಿಗೆ ಇಮೇಲ್ ಬೇಕಿಲ್ಲ, ಫೋನ್ ನಂಬರ್ ಬೇಕಿಲ್ಲ. ಯಾವ ಮಗು ಯಾವ ಅಭ್ಯಾಸದಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ನನಗೆ ಕಾಣುತ್ತದೆ, ಮಾರನೇ ದಿನದ ಪಾಠಕ್ಕೆ ಅದೇ ದಾರಿ. ವಿಕಿಪೀಡಿಯ ಆಫ್‌ಲೈನ್ ಓದಲು ಕಿವಿಕ್ಸ್ ಇದೆ. ಚಿತ್ರಗಳ ಸಮೇತ ಇಡೀ ಇಂಗ್ಲಿಷ್ ವಿಕಿಪೀಡಿಯ 100 ಜಿಬಿಗೂ ಜಾಸ್ತಿ ಆಗುತ್ತದೆ, ಚಿತ್ರವಿಲ್ಲದ ಆವೃತ್ತಿ ಅದಕ್ಕಿಂತ ಚಿಕ್ಕದು.

ಇಷ್ಟು ಮಾಡಿದರೂ ಲ್ಯಾಬ್ ತುಂಬಲಿಲ್ಲ, ಯಾಕಂದ್ರೆ ಸಹೋದ್ಯೋಗಿಗಳು ಬರಲಿಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ಮೇಲಿನವರು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಒಪ್ಪೋದಿಲ್ಲ. ಮಕ್ಕಳ ಎದುರು ತಡಕಾಡಬೇಕಾಗುತ್ತಲ್ಲಾ ಅನ್ನೋ ಸಂಕೋಚ ಅದು. ಅದಕ್ಕೇ ಒಂದು ಲ್ಯಾಪ್‌ಟಾಪನ್ನು ಶನಿವಾರ ಮನೆಗೆ ಕೊಂಡೊಯ್ದು ಸೋಮವಾರ ತರುವ ಪದ್ಧತಿ ಮಾಡಿದೆ. ಮುಖ್ಯ ಶಿಕ್ಷಕರು ಮೊದಲು ಹಿಂಜರಿದರು. ಅವರಿಗೆ ಪೆರು ದೇಶದ ವಿಷಯ ಹೇಳಿದೆ. ಅಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಹಂಚಿದ ಯೋಜನೆಯನ್ನು 319 ಗ್ರಾಮೀಣ ಶಾಲೆಗಳಲ್ಲಿ ಪರೀಕ್ಷಿಸಿ ನೋಡಿದರು. 2012ರಲ್ಲಿ ಬಂದ ಆ ವರದಿಯ ಪ್ರಕಾರ, ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಏನೂ ಸುಧಾರಣೆ ಕಾಣಲಿಲ್ಲ. ಮಷಿನ್ ಕೊಟ್ಟು ಮೇಷ್ಟ್ರನ್ನು ಬಿಟ್ಟರೆ ಹೀಗೇ ಆಗೋದು ಸರ್, ಅಂದೆ. ಒಪ್ಪಿದರು.

ಮನೆಗೆ ಒಯ್ದವರು ಮೊದಲು ಮಾಡಿದ್ದು ಪಾಠ ಅಲ್ಲ, ಅಂಕಪಟ್ಟಿ! ಕೈಯಲ್ಲಿ ಕೂಡಿ ಕೂಡಿ ಸುಸ್ತಾಗುತ್ತಿದ್ದ ಕೆಲಸ ಸ್ಪ್ರೆಡ್‌ಶೀಟಿನಲ್ಲಿ ತಾನಾಗಿ ಬಂದಿದ್ದು ನೋಡಿದ ಮೇಲೆ ಅವರ ಭಯ ಹೋಯಿತು. ಕಂಪ್ಯೂಟರ್ ತಮ್ಮ ಹೊರೆ ಇಳಿಸುತ್ತದೆ ಅಂತ ಮೊದಲು ಗೊತ್ತಾಗಬೇಕು, ಪಾಠಕ್ಕೆ ಅದು ಆಮೇಲೆ ಬರುತ್ತದೆ. ಸಮಾಜ ಹೇಳುವ ಹಿರಿಯ ಮೇಡಂ ಒಬ್ಬರು ಈಗ ನಕ್ಷೆಗಳನ್ನು ತಾವೇ ಹುಡುಕಿ ಪ್ರೊಜೆಕ್ಟರಿಗೆ ಹಾಕುತ್ತಾರೆ. ನಾನು ವಿದ್ಯುತ್ ಪಾಠಕ್ಕೆ ಫೆಟ್ ಸಿಮ್ಯುಲೇಷನ್, ಅಂದರೆ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗ, ಬಳಸುತ್ತೇನೆ, ಕೊಲೊರಾಡೊ ವಿಶ್ವವಿದ್ಯಾಲಯದವರು ಮಾಡಿದ್ದು. ಮೊದಲು ನಿಜವಾದ ಬಲ್ಬು, ತಂತಿ, ಸೆಲ್ಲು. ಆಮೇಲೆ ಪರದೆಯ ಮೇಲೆ ಅದೇ ಸರ್ಕ್ಯೂಟ್, ಯಾಕಂದ್ರೆ ತಂತಿಯೊಳಗೆ ಎಲೆಕ್ಟ್ರಾನು ಹರಿಯೋದನ್ನು ಬಲ್ಬು ತೋರಿಸೋದಿಲ್ಲ ಅಲ್ವಾ.

ಒಂದು ಮಷಿನ್‌ಗೆ ಇಬ್ಬರು ಮಕ್ಕಳು ಕೂರಬೇಕಾದರೆ ಜೋರಿರುವ ಮಗುವೇ ಮೌಸ್ ಹಿಡಿಯುತ್ತದೆ, ಇನ್ನೊಂದು ಸುಮ್ನೆ ನೋಡುತ್ತಾ ಕೂರುತ್ತದೆ. ಅದಕ್ಕೊಂದು ನಿಯಮ ಇಟ್ಟೆ: ಮೌಸ್ ಹಿಡಿದವರು ತಾವಾಗಿ ಏನೂ ಮಾಡುವಂತಿಲ್ಲ, ಪಕ್ಕದವರು ಹೇಳಿದ್ದನ್ನಷ್ಟೇ ಮಾಡಬೇಕು. ಅರ್ಧ ಪಿರಿಯಡ್ ಆದಮೇಲೆ ಅದಲು ಬದಲು. ಮೊದಲ ವಾರ ಗಲಾಟೆಯೋ ಗಲಾಟೆ. ಆದರೆ ಹೇಳಿ ಮಾಡಿಸಬೇಕಾದಾಗ ಮಕ್ಕಳು ಯೋಚನೆ ಮಾಡಿ ಮಾತಾಡುತ್ತಾರೆ.

ಬೀಗದ ಕೈಯನ್ನು ಇಬ್ಬರು ದೊಡ್ಡ ತರಗತಿಯ ಮಕ್ಕಳಿಗೆ ಕೊಟ್ಟೆ, ಜೊತೆಗೊಂದು ರಿಜಿಸ್ಟರ್: ಯಾರು ಬಂದರು, ಎಷ್ಟು ಹೊತ್ತು ಕೂತರು. ಈವರೆಗೆ ಏನೂ ಕಳುವಾಗಿಲ್ಲ. ಆ ರಿಜಿಸ್ಟರ್ ನೋಡುತ್ತಾ ಕೂತಾಗ ಕಂಡಿದ್ದು, ಶಾಲೆ ಬಿಟ್ಟಮೇಲಿನ ಹೊತ್ತಿನಲ್ಲಿ ಹುಡುಗಿಯರ ಹೆಸರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೇಳಿದರೆ ಮನೆ ಕೆಲಸ, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು. ಅದಕ್ಕೆ ಊಟದ ಬಿಡುವಿನಲ್ಲೂ ಲ್ಯಾಬ್ ತೆಗೆದೆವು, ವಾರದಲ್ಲಿ ಎರಡು ದಿನ ಹುಡುಗಿಯರಿಗೇ ಮೊದಲ ಸರದಿ. ಕಣ್ಣು ಸರಿಯಾಗಿ ಕಾಣದ ಒಬ್ಬ ಹುಡುಗನೂ ಆ ಪಟ್ಟಿಯಲ್ಲಿ ಇರಲಿಲ್ಲ. ಲಿನಕ್ಸಿನಲ್ಲಿರುವ ಓರ್ಕಾ ಪರದೆಯಲ್ಲಿರೋದನ್ನು ಓದಿ ಹೇಳುತ್ತದೆ. ಒಂದು ಹೆಡ್‌ಫೋನ್ ತಂದೆವು, ಅಕ್ಷರ ದೊಡ್ಡದು ಮಾಡಿ ಕಪ್ಪು ಹಿನ್ನೆಲೆ ಇಟ್ಟೆವು. ಈಗ ಅವನೂ ಬರುತ್ತಾನೆ.

ಇನ್ನು ದುಡ್ಡಿನ ಮಾತು. ಕೊಡುಗೆ ಕೊಡುವವರು ಹೊಸ ಮಷಿನ್ ಕೊಡಲು ಮುಂದೆ ಬರುತ್ತಾರೆ, ಯುಪಿಎಸ್ ಬ್ಯಾಟರಿಗೆ ಯಾರೂ ಬರೋದಿಲ್ಲ. ಬ್ಯಾಟರಿ, ಕೀಬೋರ್ಡ್, ಪ್ರೊಜೆಕ್ಟರ್ ಬಲ್ಬ್ ಇವಿಷ್ಟಕ್ಕೂ ಶಾಲೆಯ ವಾರ್ಷಿಕ ಖರ್ಚಿನ ಪಟ್ಟಿಯಲ್ಲಿ ಬೇರೆ ಸಾಲು ಬರೆಸಿ. ನಾವು ಬರೆಸಿದ್ದೇವೆ. ಈಗ ಯಾರಾದರೂ ಕಂಪ್ಯೂಟರ್ ಕೊಡುತ್ತೇವೆ ಅಂತ ಬಂದರೆ, ಆ ಸಾಲನ್ನು ತೋರಿಸಿ ಇದಕ್ಕೂ ಸ್ವಲ್ಪ ಕೊಡಿ ಅಂತ ಕೇಳುತ್ತೇನೆ.