ಕಲ್ಲು ಹಳೇದು, ಅರ್ಥ ಬರೆದವರು ಹಳಬರಲ್ಲ

ನಮ್ಮೂರ ಕೆರೆ ಏರಿ ಮೇಲಿರೋ ವೀರಗಲ್ಲಿನ ಬಗ್ಗೆ ನೆಟ್ಟಲ್ಲಿ ಮೊದಲ್ನೇ ಸಲ ಬರ್ದಾಗ ಒಬ್ರು ರಿಟೈರ್ಡ್ ಮೇಷ್ಟ್ರು ಮೆಸೇಜ್ ಮಾಡಿದ್ರು. ಬೈಲಿಲ್ಲ. "ಕಲ್ಲಲ್ಲಿರೋ ಶಕವರ್ಷ 1095ಕ್ಕೆ 78 ಕೂಡಿಸಿದ್ರೆ ಇಸವಿ 1173 ಬರ್ಬೇಕಲ್ವಾ, ನನ್ನ ಪುಸ್ತಕದಲ್ಲಿ ಅಚ್ಚಿನ ತಪ್ಪಾಗಿ 1137 ಆಗಿದೆ, ನಿಮ್ದ್ರಲ್ಲೂ 1137 ಅಂತಲೇ ಇದೆಯಲ್ಲಾ" ಅಂದ್ರು ಅಷ್ಟೇ. ಸಿಕ್ಕಿಬಿದ್ದಿದ್ದೆ. ಅವರ ಎರಡು ಪುಟ ಎದುರಿಗಿಟ್ಕೊಂಡು "ಮರಣಹೊಂದಿದ" ಅನ್ನೋದನ್ನ "ತೀರಿಕೊಂಡ" ಅಂತ ಮಾಡಿ, ವಾಕ್ಯ ಹಿಂದೆಮುಂದೆ ಮಾಡಿ, ಕೆಳಗೆ ನನ್ನ ಹೆಸರು ಹಾಕ್ಕೊಂಡಿದ್ದೆ. ಎಂಟ್ನೂರು ವರ್ಷದ ಕಲ್ಲು, ಯಾರಪ್ಪನ ಗಂಟು ಅನ್ನೋ ಧೈರ್ಯ.

ಕಲ್ಲಿನ ಸಾಲು ಯಾರದೂ ಅಲ್ಲ, ನಿಜ. ಶಾಸನತಜ್ಞ ಬಿ.ಎಲ್. ರೈಸ್ ತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಳೇ ಸಂಪುಟಗಳನ್ನೂ ಧಾರಾಳವಾಗಿ ಬಳಸ್ಬೋದು, ಯಾಕಂದ್ರೆ ರೈಸ್ ತೀರ್ಕೊಂಡಿದ್ದು 1927ರಲ್ಲಿ, ನಮ್ಮ 1957ರ ಕಾಯ್ದೆ ಪ್ರಕಾರ ಕಾಪಿರೈಟ್ ಇರೋದು ಲೇಖಕರು ತೀರ್ಕೊಂಡ ಮೇಲೆ 60 ವರ್ಷ, ಅದನ್ನ ಮುಂದಿನ ಜನವರಿಯಿಂದ ಎಣಿಸ್ಬೇಕು. ಮೇಷ್ಟ್ರ ವಿವರಣೆ ಮಾತ್ರ ಬೇರೆ ಲೆಕ್ಕ. ಇಸವಿ, ಸತ್ತವನ ಹೆಸರು, ತುರುಗಾಳಗ (ದನಗಳಿಗಾಗಿ ಆದ ಕಾದಾಟ) ನಡೆದ ಸಂಗತಿ ಯಾರು ಬೇಕಾದ್ರೂ ಬರೀಬೋದು, ಅದನ್ನ ಅವರು ಹೇಳಿರೋ ಮಾತು ಅವರದ್ದು. ಇನ್ನು ಸವೆದುಹೋದ ಅಕ್ಷರನ ಮೊದಲು ಓದಿದ್ದು ಅವರು ಅಂದ್ಮೇಲೆ ಕಾನೂನು ಕೇಳಲಿ ಬಿಡಲಿ ಹೆಸರು ಹಾಕ್ಬೇಕು, ಹಾಕ್ದಿದ್ರೆ ಅದು ಕದ್ದ ಮಾಲೇ.

ಈಗ ಏನ್ಮಾಡ್ತೀನಂದ್ರೆ, ಓದಿ ಪುಸ್ತಕ ಮುಚ್ಚಿಟ್ಟು ಮಾರನೇ ದಿನ ಕಲ್ಲಿನ ಹತ್ರಾನೇ ಕೂತ್ಕೊಂಡು ಪಕ್ಕದಲ್ಲಿರೋರಿಗೆ ಹೇಳೋ ಹಾಗೆ ಫೋನಲ್ಲಿ ರೆಕಾರ್ಡ್ ಮಾಡ್ತೀನಿ, ಮನೆಗೆ ಬಂದು ಅದನ್ನ ಬರ್ಕೊಂಡು ಆಮೇಲಷ್ಟೇ ಪುಸ್ತಕ ತೆಗೆದು ಇಸವಿ, ಹೆಸರು ತಾಳೆ ನೋಡೋದು. ಅವರ ಸಾಲೇ ಬೇಕು ಅಂದ್ರೆ ಉದ್ಧರಣ ಚಿಹ್ನೆ ಒಳಗೆ, ಪುಟ ಸಂಖ್ಯೆ ಸಮೇತ. ನೋಟ್ಸಲ್ಲಿ ಕಾಪಿ ಮಾಡಿದ್ದೆಲ್ಲ ಕೆಂಪು ಬಣ್ಣ, ಇಲ್ದಿದ್ರೆ ಆರು ತಿಂಗಳಾದ್ಮೇಲೆ ಅದು ನಂದೇ ಅನ್ಸುತ್ತೆ (ಅನ್ಸಿದೆ). ಇಂಗ್ಲಿಷ್ ಲೇಖನ ಕನ್ನಡಕ್ಕೆ ತಂದ್ರೆ ಸ್ವಂತದ್ದಾಯ್ತು ಅಂತ ನಮ್ಮಲ್ಲಿ ತುಂಬ ಜನ ಅನ್ಕೊಂಡಿದಾರೆ, ಅನುವಾದದ ಹಕ್ಕೂ ಮೂಲದವರದ್ದೇ. ಫೋಟೋ ನಾನೇ ತೆಗೀತೀನಿ, ಬೆಳಗ್ಗೆ ಓರೆ ಬಿಸಿಲಲ್ಲೇ ಅಕ್ಷರ ಎದ್ದು ಕಾಣೋದು. ವಿಕಿಮೀಡಿಯಾ ಕಾಮನ್ಸಿಂದ ತಗೊಂಡ್ರೆ ತೆಗೆದವರ ಹೆಸರು, ಲೈಸೆನ್ಸ್ ಎರಡೂ ಕೆಳಗೆ ಹಾಕ್ತೀನಿ.

ಆ ಹಳೇ ಬರಹ ತೆಗೆದುಹಾಕಿ ಹೊಸದಾಗಿ ಬರೆದು ಮೇಷ್ಟ್ರಿಗೆ ಕಳಿಸ್ದೆ. ಸಂಜೆ ಫೋನ್ ಬಂತು, "ಇಸವಿ ಸರಿಯಾಗಿದೆ ಕಣಯ್ಯ, ಆದ್ರೆ ಮೂರನೇ ಸಾಲಿನ ಆ ಅಕ್ಷರ ನಾನೇ ತಪ್ಪು ಓದಿದೀನೇನೋ, ಇನ್ನೊಂದ್ಸಲ ಹೋಗಿ ನೋಡ್ಕೊಂಡ್ ಬಾ."