ಗಾಳಿ ತುಂಬೋ ಪ್ಯಾಡಲ್‌ಬೋರ್ಡ್: ಆರಿಸೋದ್ರಿಂದ ಹಿನ್ನೀರಿಗೆ ಇಳಿಸೋವರೆಗೂ

ಸೂಟ್‌ಕೇಸ್ ಲೆಕ್ಕದಲ್ಲಿ ದೋಣಿ ತರಬಹುದು ಅಂತ ಹಿಂದೆ ಯಾರಾದ್ರೂ ಹೇಳಿದ್ರೆ ನಗ್ತಿದ್ವಿ, ಈಗ ಡಾಲಸ್ಸಿಂದ ಬರೋ ಭಾವ ಚಾಕ್ಲೇಟ್ ಜೊತೆ ಬೆನ್ನಿಗೊಂದು ದೊಡ್ಡ ಬ್ಯಾಗ್ ಹೊತ್ಕೊಂಡೇ ಬರ್ತಾರೆ, ಬಿಚ್ಚಿ ಗಾಳಿ ಹೊಡೆದ್ರೆ ಹತ್ತೂವರೆ ಅಡಿ ಹಲಗೆ. ನಿಂತ್ಕೊಂಡು ಹುಟ್ಟು ಹಾಕೋ ಸ್ಟ್ಯಾಂಡ್-ಅಪ್ ಪ್ಯಾಡಲ್‌ಬೋರ್ಡ್ ಇದು. ಬೋರ್ಡು, ಪಂಪು, ಹುಟ್ಟು ಎಲ್ಲಾ ಸೇರಿ ಸಾಮಾನ್ಯವಾಗಿ 13-15 ಕೆ.ಜಿ. ಬರುತ್ತೆ, ಅಂದ್ರೆ ವಿಮಾನದ 23 ಕೆ.ಜಿ. ಲಗೇಜಿಗೆ ಆರಾಮಾಗಿ ಹೊಂದುತ್ತೆ. ತರೋರಿಗೆ ಒಂದೇ ಮಾತು ಹೇಳಿ: ಬ್ಯಾಟರಿ ಇರೋ ಎಲೆಕ್ಟ್ರಿಕ್ ಪಂಪ್ ಆದ್ರೆ, ಪಂಪಿಂದ ಕಳಚಿದ ಅಥವಾ ಬೇರೆಯಾಗಿ ತರೋ ಲಿಥಿಯಂ ಬ್ಯಾಟರಿ ಚೆಕ್-ಇನ್ ಬ್ಯಾಗಲ್ಲಿ ಹಾಕೋ ಹಾಗಿಲ್ಲ, ಕೈಲೇ ತರ್ಬೇಕು, 100 ವ್ಯಾಟ್-ಅವರ್ ದಾಟಿದ್ರೆ ಏರ್‌ಲೈನ್ ಅನುಮತಿ ಬೇಕು, 160 ದಾಟಿದ್ರೆ ಬಿಡೋದೇ ಇಲ್ಲ.

ಇಲ್ಲೂ ಡೆಕಾಥ್ಲಾನ್ ಥರದ ಅಂಗಡೀಲಿ, ಆನ್‌ಲೈನಲ್ಲಿ ಸಿಗುತ್ತೆ. ತಗೊಳ್ಳೋರು ಕೇಳೋದು ಮಾತ್ರ ಯಾವಾಗ್ಲೂ ರೇಟು, ಬಣ್ಣ, ಎಷ್ಟು ಫ್ರೀ ಐಟಂ ಬರುತ್ತೆ ಅನ್ನೋದು. ನನ್ನ ಕೇಳಿದ್ರೆ ಮೊದಲು ಕೇಳ್ಬೇಕಾದ್ದು ಎರಡೇ. ಬೋರ್ಡೊಳಗೆ ಎಷ್ಟು ಗಾಳಿ ತಡಿಯುತ್ತೆ, ನಾವು ಹೋಗೋ ನೀರಿನ ಮೇಲೆ ಎಷ್ಟು ಗಾಳಿ ಬೀಸುತ್ತೆ. ಮಿಕ್ಕಿದ್ದೆಲ್ಲಾ ಆಮೇಲೆ.

ಮೊದಲು ಬೋರ್ಡ್

ಈ ಬೋರ್ಡಿನ ಗುಟ್ಟು ಡ್ರಾಪ್-ಸ್ಟಿಚ್ ಅನ್ನೋ ಬಟ್ಟೇಲಿ ಇದೆ. ಮೇಲೊಂದು ಪದರ ಕೆಳಗೊಂದು ಪದರ, ನಡುವೆ ಸಾವಿರಾರು ಪಾಲಿಯೆಸ್ಟರ್ ದಾರ, ಹೊರಗೆ ಪಿವಿಸಿ ಲೇಪನ. ಗಾಳಿ ತುಂಬಿದಾಗ ದಾರಗಳು ಎರಡೂ ಪದರಾನ ಎಳೆದು ಹಿಡಿಯೋದ್ರಿಂದ ಬಲೂನ್ ಥರ ಉಬ್ಬದೆ ಚಪ್ಪಟೆಯಾಗೇ ಗಟ್ಟಿಯಾಗುತ್ತೆ. ಈ ದಾರ ಇಲ್ಲದೆ ಬರೀ ಗಾಳಿಚೀಲದ ಥರ ಇರೋ ಆಟಿಕೆ ಸಾಮಾನು ಪ್ಯಾಡಲ್‌ಬೋರ್ಡ್ ಹೆಸರಲ್ಲಿ ಮಾರ್ತಿದ್ರೆ ಮುಟ್ಟಲೇಬೇಡಿ.

ಮೊದಲ ಸಲ ತಗೊಳ್ಳೋರಿಗೆ 10 ಅಡಿ 6 ಇಂಚು ಉದ್ದ, 32 ಇಂಚು ಅಗಲ, 6 ಇಂಚು ದಪ್ಪ, ಈ ಅಳತೆ ಕಣ್ಮುಚ್ಚಿ ತಗೋಬಹುದು. ಅಗಲ ಜಾಸ್ತಿ ಆದಷ್ಟೂ ನಿಲ್ಲೋದು ಸುಲಭ, ವೇಗ ಕಮ್ಮಿ. 12 ಅಡಿ ಆಸುಪಾಸಿನ, 30 ಇಂಚಿನ ಟೂರಿಂಗ್ ಬೋರ್ಡುಗಳು ನೇರವಾಗಿ ಸರ್ ಅಂತ ಹೋಗ್ತವೆ, ಆದ್ರೆ ಕಾಲು ಪಳಗದೇ ಇರೋರಿಗೆ ನಡುಗ್ತವೆ. ದಪ್ಪದ ವಿಷಯದಲ್ಲಿ ರಾಜಿ ಬೇಡ, 4 ಇಂಚಿನ ತೆಳು ಬೋರ್ಡ್ ಅಗ್ಗಕ್ಕೆ ಸಿಗುತ್ತೆ ನಿಜ, ಎಂಬತ್ತು ಕೆ.ಜಿ. ಆಸಾಮಿ ಮೇಲೆ ನಿಂತ್ರೆ ನವಾರು ಸಡಿಲ ಬಿದ್ದ ಮಂಚದ ಹಾಗೆ ನಡು ಕುಸಿಯುತ್ತೆ.

ತೂಕದ ಲೆಕ್ಕದಲ್ಲಿ ಜನ ಮೋಸ ಹೋಗ್ತಾರೆ. 300 ಲೀಟರ್ ವಾಲ್ಯೂಮ್ ಅಂದ್ರೆ ಲೆಕ್ಕಕ್ಕೆ ಹತ್ತಿರ ಹತ್ತಿರ 300 ಕೆ.ಜಿ. ಮುಳುಗದೇ ತೇಲಬೇಕು, ಹೌದು, ಆದ್ರೆ ತೇಲೋದೇ ಬೇರೆ ಅದ್ರ ಮೇಲೆ ನಿಂತ್ಕೊಂಡು ಹೋಗೋದೇ ಬೇರೆ, ಅದಕ್ಕೇ ಕಂಪನಿಯವರು ಗರಿಷ್ಠ ತೂಕ ಅಂತ ಅದಕ್ಕಿಂತ ಎಷ್ಟೋ ಕಮ್ಮಿ ಬರೆದಿರ್ತಾರೆ. ನಿಮ್ಮ ತೂಕ, ನೀರಿನ ಬಾಟ್ಲಿ, ಬ್ಯಾಗು, ಮುಂದೆ ಕೂರಿಸ್ಕೊಳ್ಳೋ ಮಗು ಎಲ್ಲಾ ಸೇರ್ಸಿ ಆ ಸಂಖ್ಯೆಗಿಂತ ಸಾಕಷ್ಟು ಕೆಳಗೇ ಇರ್ಲಿ.

ಸ್ಪೆಕ್ ಶೀಟಲ್ಲಿ ಗರಿಷ್ಠ ಪ್ರೆಶರ್ ಎಷ್ಟು ಅಂತ ನೋಡಿ. 15 ಪಿಎಸ್‌ಐ (ಟೈರಿಗೆ ಗಾಳಿ ಹಾಕುವಾಗ ಹೇಳೋ ಅದೇ ಅಳತೆ) ಆದ್ರೂ ಇರ್ಬೇಕು. ಡಬಲ್ ಲೇಯರ್ (ಎರಡು ಪದರ ಪಿವಿಸಿ) ಅಥವಾ ಫ್ಯೂಷನ್ (ಆ ಪದರಗಳನ್ನ ಕಾಯಿಸಿ ಬೆಸೆದದ್ದು) ಅಂತ ಬರೆದಿದ್ರೆ ಸಿಂಗಲ್ ಲೇಯರಿಗಿಂತ ಒಳ್ಳೇದು. ಫಿನ್, ಅಂದ್ರೆ ಬೋರ್ಡಿನ ತಳದಲ್ಲಿ ಬಾಲದ ಕಡೆ ಇರೋ ರೆಕ್ಕೆ, ಕಳಚಿ ಹಾಕೋ ಥರದ್ದಿರ್ಲಿ, ಕಳೆದು ಹೋದ್ರೆ ಬೇರೆ ಫಿನ್ ಸಿಗೋ ಹಾಗೆ ಅದನ್ನ ಸಿಕ್ಕಿಸೋ ಬಾಕ್ಸ್ ಮಾಮೂಲಿಯದ್ದಾದ್ರೆ ಇನ್ನೂ ವಾಸಿ.

ಪಂಪ್ ಹೊಡೆಯೋದು

ಎಲ್ರೂ ಸೋಲೋದು ಇಲ್ಲೇ. 300 ಲೀಟರ್ ಜಾಗದಲ್ಲಿ 15 ಪಿಎಸ್‌ಐ ತುಂಬೋದು ಅಂದ್ರೆ ಹತ್ತಿರ ಹತ್ತಿರ 600 ಲೀಟರ್ ಹೊರಗಿನ ಗಾಳಿ ಒಳಗೆ ತುರುಕೋದು, ಮೊದಲರ್ಧ ಸರಾಗವಾಗಿ ಹೋಗುತ್ತೆ, ಕೊನೇ ಭಾಗದಲ್ಲಿ ಭುಜ ಬಿದ್ದು ಹೋಗುತ್ತೆ. ಅದ್ರ ಮೇಲೆ ಇನ್ನೊಂದು ಕಾಟ, ಗೇಜ್ ಮುಳ್ಳು ಮೊದ್ಲು ಅಲುಗಾಡೋದೇ ಇಲ್ಲ, ಆರೇಳು ಪಿಎಸ್‌ಐ ಆದ್ಮೇಲೇ ಎದ್ದೇಳೋದು, ಅಷ್ಟರಲ್ಲಿ ಗೇಜ್ ಕೆಟ್ಟಿದೆ ಅಂತ ತೀರ್ಮಾನ ಮಾಡಿ ಬೋರ್ಡ್ ಗಟ್ಟಿ ಆಗಿದೆ ಬಿಡು ಅಂತ ನೀರಿಗೆ ಎಳ್ಕೊಂಡು ಹೋಗೋರೇ ಜಾಸ್ತಿ. ಕೈಲಿ ಒತ್ತಿ ನೋಡಿದ್ರೆ 8 ಪಿಎಸ್‌ಐಗೂ ಗಟ್ಟಿ ಅನ್ನಿಸುತ್ತೆ, ನಿಂತ ಮೇಲೇ ಬಣ್ಣ ಬಯಲಾಗೋದು. ನಂಬಬೇಕಾದ್ದು ಗೇಜನ್ನ.

ಕ್ರಮ ಹೀಗೆ. ಕಲ್ಲು ಮುಳ್ಳು ಇಲ್ಲದ ಜಾಗದಲ್ಲಿ ಬೋರ್ಡ್ ಬಿಡಿಸಿ. ವಾಲ್ವಿನ ಮುಚ್ಚಳ ತೆಗೆದ್ರೆ ನಡುವೆ ಒಂದು ಪಿನ್ ಕಾಣುತ್ತೆ, ಅದು ಮೇಲೆ ಎದ್ದಿರ್ಬೇಕು. ಒಳಗೆ ಕೂತಿದ್ರೆ ಒತ್ತಿ ತಿರುಗಿಸಿ ಮೇಲೆ ಬಿಡಿ, ಇಲ್ಲಾಂದ್ರೆ ಅಷ್ಟೆಲ್ಲಾ ಹೊಡೆದು ಪೈಪ್ ಕಿತ್ತ ಕೂಡ್ಲೇ ಬುಸ್ ಅಂತ ಎಲ್ಲಾ ವಾಪಸ್. ಪೈಪ್ ಸಿಕ್ಕಿಸಿ, ಪಂಪ್ ಡಬಲ್ ಆ್ಯಕ್ಷನ್‌ನಲ್ಲಿಟ್ಟು ಶುರು ಮಾಡಿ, ಅಂದ್ರೆ ಎತ್ತುವಾಗ್ಲೂ ಒತ್ತುವಾಗ್ಲೂ ಗಾಳಿ ಹೋಗುತ್ತೆ. ಭಾರ ಆಯ್ತು ಅನ್ನಿಸಿದಾಗ ಸಿಂಗಲ್‌ಗೆ ಬದಲಾಯಿಸಿ, ತೋಳಿಂದ ಅಲ್ಲ, ಮೈ ಭಾರ ಬಿಟ್ಟು ಒತ್ತಿ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಹಾಕೋ ಪಂಪ್ ತಗೊಂಡ್ರೆ ಇದ್ಯಾವ್ದೂ ತಲೆನೋವಿಲ್ಲ, ದುಡ್ಡು ಉಳಿದ್ರೆ ಮೊದಲು ಅದಕ್ಕೇ ಹಾಕಿ ಅಂತೀನಿ.

ಬಿಸಿಲಿನ ಲೆಕ್ಕಾನೂ ಹಾಕ್ಬೇಕು. ಬೆಳಿಗ್ಗೆ 25 ಡಿಗ್ರೀಲಿ 15 ಪಿಎಸ್‌ಐ ತುಂಬಿದ ಬೋರ್ಡ್ ಮಧ್ಯಾಹ್ನ ದಡದಲ್ಲಿ ಕಾದು ಒಳಗಿನ ಗಾಳಿ 50 ಡಿಗ್ರಿಗೆ ಹೋದ್ರೆ ಪ್ರೆಶರ್ ಹದಿನೇಳೂವರೆ ಹತ್ತಿರ ಏರುತ್ತೆ, ಅಂಟು ಬಿಡೋದು ಹೀಗೇ. ಊಟಕ್ಕೆ ಕೂರೋ ಹಾಗಿದ್ರೆ ನೆರಳಿಗೆ ಎಳೀರಿ, ನೆರಳಿಲ್ಲಾಂದ್ರೆ ಸ್ವಲ್ಪ ಗಾಳಿ ಬಿಡಿ. ಉಲ್ಟಾನೂ ನಿಜ, ಸುಡು ಬಿಸಿಲಲ್ಲಿ ತುಂಬಿ ತಣ್ಣನೆ ನೀರಿಗೆ ಹಾಕಿದ್ರೆ ಒಂದು ಪಿಎಸ್‌ಐ ಮೇಲೇ ಇಳಿಯಬಹುದು, ತೂತು ಬಿತ್ತು ಅಂತ ಗಾಬರಿ ಆಗೋದು ಬೇಡ.

ಹುಟ್ಟು, ಲೀಶ್, ಜಾಕೆಟ್

ಹುಟ್ಟಿನ ಎತ್ತರ ನಿಮಗಿಂತ 6ರಿಂದ 10 ಇಂಚು ಜಾಸ್ತಿ. ಎಲೆ ಭಾಗ ಕಾಂಡಕ್ಕೆ ಸ್ವಲ್ಪ ಬಾಗಿರುತ್ತೆ, ಆ ಬಾಗು ಮುಂದಕ್ಕೆ ಇರ್ಬೇಕು. ಹೊಸಬರಲ್ಲಿ ತುಂಬಾ ಜನ ಇದನ್ನ ತಿರುವಿ ಹಿಡೀತಾರೆ, ಯಾಕಂದ್ರೆ ನೀರು ತೋಡೋಕೆ ಆ ಕಡೆನೇ ಸರಿ ಅನ್ನಿಸುತ್ತೆ. ಅಲ್ಯೂಮಿನಿಯಂ ಹುಟ್ಟು ಕೆ.ಜಿ. ಹತ್ತಿರ ತೂಗುತ್ತೆ, ಗಂಟೆಗಟ್ಲೆ ಎತ್ತಿ ಹಾಕೋ ಸಾಮಾನು ಆದ್ದರಿಂದ ಫೈಬರ್‌ಗ್ಲಾಸಿಗೆ ಬದಲಾಯಿಸಿದ್ರೆ ಬೋರ್ಡೇ ಬದಲಾಯಿಸಿದ ಹಾಗನ್ನಿಸುತ್ತೆ.

ಲೀಶ್ ಅಂದ್ರೆ ನಿಮ್ಮನ್ನೂ ಬೋರ್ಡನ್ನೂ ಕಟ್ಟೋ ಹಗ್ಗ. ನಿಂತ ನೀರಿಗೆ ಸುರುಳಿ ಲೀಶ್, ಪಾದದ ಗಂಟಿಗೆ ಕಟ್ಟೋದು. ನೀವು ಬಿದ್ದಾಗ ಬೋರ್ಡ್ ಗಾಳಿಗೆ ತೇಲ್ಕೊಂಡು ಹೋಗೋ ವೇಗಕ್ಕೆ ಒಳ್ಳೆ ಈಜುಗಾರನೂ ಮುಟ್ಟಲ್ಲ, ಅದಕ್ಕೇ ಇದು ಬೇಕೇ ಬೇಕು. ಆದ್ರೆ ಹರಿಯೋ ನೀರಲ್ಲಿ ಇದೇ ಲೀಶ್ ಅಪಾಯ. ನಮ್ಮ ಕರಾವಳಿ ಹೊಳೆಗಳಲ್ಲಿ ಬಲೆ ಕಟ್ಟೋ ಕಂಬ, ಕಾಂಡ್ಲಾ (ಮ್ಯಾಂಗ್ರೋವ್) ಬೇರು ಇರ್ತವೆ, ಹಗ್ಗ ಅಲ್ಲಿ ಸಿಕ್ಕಿ ಸೆಳೆತ ಎಳೆದ್ರೆ ಬಗ್ಗಿ ಕಾಲು ಬಿಡಿಸ್ಕೊಳ್ಳೋಕೆ ಆಗಲ್ಲ. ಅಂಥ ಕಡೆ ಸೊಂಟಕ್ಕೆ ಕಟ್ಟಿ ಒಂದೇ ಎಳೆತಕ್ಕೆ ಕಳಚೋ ಕ್ವಿಕ್-ರಿಲೀಸ್ ಬೆಲ್ಟ್ ಹಾಕ್ಬೇಕು.

ಲೈಫ್ ಜಾಕೆಟ್ ಬೋರ್ಡಿಗೆ ಕಟ್ಟಿಟ್ಕೊಳ್ಳೋದಲ್ಲ, ಮೈಮೇಲೆ ಹಾಕೋದು. ಈಜು ಬರುತ್ತೆ ಅನ್ನೋರಿಗೆ 50 ನ್ಯೂಟನ್ ತೇಲಿಸೋ ಬಲದ ಜಾಕೆಟ್ ಸಾಕು, ಬರದೇ ಇರೋರಿಗೆ 100 ಇರ್ಲಿ, ಅವರು ಒಬ್ಬರೇ ಹೋಗೋದಂತೂ ಬೇಡ. ಅಮೆರಿಕದಲ್ಲಿ 2008ರಿಂದ ಕೋಸ್ಟ್ ಗಾರ್ಡ್ ಈ ಬೋರ್ಡನ್ನ ದೋಣಿ ಅಂತಲೇ ಲೆಕ್ಕ ಹಾಕ್ತಾರೆ, ಸರ್ಫಿಂಗ್, ಈಜಿನ ಜಾಗ ಬಿಟ್ಟು ಆಚೆ ಹೋದ್ರೆ ಜಾಕೆಟ್, ಸೀಟಿ ಇರಲೇಬೇಕು. ನಮ್ಮಲ್ಲಿ ಕೇಳೋರಿಲ್ಲ ಅಂತ ಬಿಡೋದಲ್ಲ, ಸೀಟಿ ಎಷ್ಟು ರೂಪಾಯಿ ಹೇಳಿ.

ಎಲ್ಲಿ, ಯಾವಾಗ

ಬೆಂಗಳೂರಿನ ಕೆರೆ ಮರೆತುಬಿಡಿ. ಅನುಮತಿ ಒಂದು ಕಡೆ, ಕೊಳಚೆ ಇನ್ನೊಂದು ಕಡೆ, ಬಿದ್ದರೆ ಕುಡಿಯೋದು ಅದೇ ನೀರು. ಜಲಾಶಯಗಳಲ್ಲಿ ಅಣೆಕಟ್ಟೆ ಹತ್ತಿರ ಸುತರಾಂ ಬೇಡ, ಬೇರೆ ಕಡೆಗೂ ನೀರಾವರಿ ಅಥವಾ ಅರಣ್ಯ ಇಲಾಖೆಯವರನ್ನ ಕೇಳದೆ ಇಳಿಯೋದು ಬೇಡ. ಕಾವೇರಿ, ಕಬಿನಿ, ತುಂಗಭದ್ರಾ, ದಾಂಡೇಲಿ ಕಡೆಯ ಕಾಳಿ, ಇವೆಲ್ಲಾ ಮೊಸಳೆ ಇರೋ ನೀರು. ಸ್ಥಳೀಯರು "ಇಲ್ಲಿ ಬೇಡ ಸರ್" ಅಂದ್ರೆ ವಾದ ಮಾಡ್ಬೇಡಿ.

ಕಲಿಯೋಕೆ ನನಗೆ ಹಿಡಿಸೋದು ಎರಡು ಥರದ ನೀರು. ಒಂದು ಸಾಗರ ಕಡೆಯ ಹೊನ್ನೆಮರಡು, ಶರಾವತಿ ಹಿನ್ನೀರು, ಅಲ್ಲಿ ಜಲಸಾಹಸದ ಕೇಂದ್ರ ಇರೋದ್ರಿಂದ ಕೇಳಿ ಇಳೀಬಹುದು. ಈ ಹಿನ್ನೀರು ನಿಲ್ಲಿಸೋ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಬೇಸಿಗೆ ಹೊತ್ತಿಗೆ ನೀರು ಇಳಿದು ಮುಳುಗಿದ್ದ ಮರದ ಬೊಡ್ಡೆಗಳೆಲ್ಲಾ ಮೇಲೆ ಬರೋಕೆ ಶುರು, ಕಾಣೋ ಬೊಡ್ಡೆಗಿಂತ ನಾಲ್ಕಿಂಚು ನೀರಡಿ ಇರೋ ಬೊಡ್ಡೆ ಕೆಟ್ಟದ್ದು, ಫಿನ್ನಿಗೆ ಬಡಿದ್ರೆ ಬೋರ್ಡ್ ಅಲ್ಲೇ ನಿಲ್ಲುತ್ತೆ, ನೀವು ಮುಂದಕ್ಕೆ ಹೋಗ್ತೀರ. ಅಲ್ಲಿಗೆ ಗಿಡ್ಡ ಫಿನ್ ತಗೊಂಡು ಹೋಗಿ.

ಇನ್ನೊಂದು ಕರಾವಳಿ ಹೊಳೆ. ಮೂಲ್ಕಿಯ ಶಾಂಭವಿ, ಸಾಲಿಗ್ರಾಮ ಕಡೆಯ ಸೀತಾ, ಹೊನ್ನಾವರದ ಶರಾವತಿ. ಮೂಲ್ಕೀಲಿ ಸರ್ಫಿಂಗ್ ಜೊತೆ ಇದನ್ನೂ ಕಲಿಸೋರಿದ್ದಾರೆ, ಪಕ್ಕದ ಸಸಿಹಿತ್ಲಿನಲ್ಲಿ 2024ರ ಮಾರ್ಚಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೇನೇ ನಡೀತು, ಹಾಗಾಗಿ ಬೋರ್ಡ್ ಕೊಳ್ಳೋ ಮೊದಲು ಅಲ್ಲಿ ಬಾಡಿಗೆಗೆ ನಿಂತು ನೋಡೋದು ಜಾಣತನ. ಹೊಳೇಲಿ ಉಬ್ಬರ ಇಳಿತದ ಟೈಮ್ ನೋಡ್ಕೊಳ್ಳಿ. ಇಳಿತದ ಹೊತ್ತಲ್ಲಿ ನೀರು ಅಳಿವೆ ಕಡೆಗೆ ಎಳೆಯುತ್ತೆ, ಅಳಿವೆಯಾಚೆ ಸಮುದ್ರ. ಉಬ್ಬರ ಏರ್ತಿರುವಾಗ ಮೇಲಕ್ಕೆ ಹೋಗಿ, ನೀರು ನಿಂತ ಹೊತ್ತಿಗೆ ತಿರುಗಿ.

ಮಳೆಗಾಲ ಬೇಡವೇ ಬೇಡ. ಮಿಕ್ಕ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು ಚಿನ್ನದಂಥ ಹೊತ್ತು, ಬಿಸಿಲೇರಿದ ಹಾಗೆ ಗಾಳಿ ಏಳುತ್ತೆ. ನಿಂತ ಮನುಷ್ಯ ಅಂದ್ರೆ ಗಾಳಿಗೆ ಪಟ ಬಿಚ್ಚಿದ ಹಾಗೇ ಲೆಕ್ಕ, ಬೋರ್ಡೋ ನೀರೊಳಗೆ ಇಳಿಯೋದೇ ಇಲ್ಲ, ಮೇಲೇ ಜಾರುತ್ತೆ. ಫೋನಲ್ಲಿ ಗಾಳಿ ವೇಗ ಗಂಟೆಗೆ 15 ಕಿ.ಮೀ. ಮೇಲೆ ತೋರಿಸಿದ್ರೆ ಹೊಸಬರು ದಡದಲ್ಲೇ ಕಾಫಿ ಕುಡೀಲಿ. ಹೊರಡುವಾಗ ಯಾವಾಗ್ಲೂ ಗಾಳಿಗೆ ಎದುರಾಗಿ ಹೋಗಿ, ಸುಸ್ತಾದ್ಮೇಲೆ ಅದೇ ಗಾಳಿ ವಾಪಸ್ ತಳ್ಳುತ್ತೆ. ದಡದಿಂದ ಆಚೆ ಬೀಸೋ ಗಾಳಿ ಅತಿ ಮೋಸಗಾರ, ದಡದ ಹತ್ತಿರ ನೀರು ಕನ್ನಡಿ ಥರ ಕಾಣುತ್ತೆ, ನೂರು ಮೀಟರ್ ಹೋದ್ಮೇಲೆ ಹಿಂದೆ ಬರೋಕೆ ಬಿಡಲ್ಲ. ಸಿಕ್ಕಿ ಹಾಕ್ಕೊಂಡ್ರೆ ನಿಂತು ಸಾಹಸ ಬೇಡ, ಮಂಡಿಯೂರಿ ಹುಟ್ಟು ಹಾಕಿ, ಅದೂ ಆಗದಿದ್ರೆ ಹೊಟ್ಟೆ ಮೇಲೆ ಮಲಗಿ ಹುಟ್ಟನ್ನ ಎದೆಯಡಿ ಇಟ್ಟು ಕೈಲೇ ಈಜಿ. ಬೋರ್ಡ್ ಬಿಟ್ಟು ಈಜೋಕೆ ಮಾತ್ರ ಹೋಗ್ಬೇಡಿ.

ನಿಲ್ಲೋದು, ಬೀಳೋದು

ಫಿನ್ ನೆಲ ಮುಟ್ಟದಷ್ಟು, ಅಂದ್ರೆ ಮೊಣಕಾಲುದ್ದ ನೀರಿಗೆ ಬೋರ್ಡ್ ತಂದು ಮೊದಲು ಮಂಡಿಯೂರಿ. ನಡುವಿನ ಹಿಡಿಕೆ ನಿಮ್ಮ ಎರಡು ಮಂಡಿ ಮಧ್ಯ ಬರ್ಲಿ. ಹತ್ತು ನಿಮಿಷ ಹಾಗೇ ಓಡಾಡಿ. ಆಮೇಲೆ ಹುಟ್ಟನ್ನ ಬೋರ್ಡಿಗೆ ಅಡ್ಡ ಇಟ್ಟು ಎರಡೂ ಕೈ ಊರಿ ಒಂದೊಂದೇ ಪಾದ ಮಂಡಿ ಇದ್ದ ಜಾಗಕ್ಕೆ ತಂದು ಏಳಿ. ಪಾದ ಭುಜದಗಲ, ಮಂಡಿ ಸ್ವಲ್ಪ ಸಡಿಲ, ಕಣ್ಣು ಎದುರು ದಡದ ಮೇಲೆ. ಕಾಲ್ಬೆರಳು ನೋಡಿದ್ರೆ ಬೀಳೋದು ಖಂಡಿತ. ಎದ್ದ ಕೂಡ್ಲೇ ಹುಟ್ಟು ಹಾಕೋಕೆ ಶುರು ಮಾಡಿ, ಸೈಕಲ್ ಓಡಿಸಿದೋರಿಗೆ ಗೊತ್ತೇ ಇದೆ, ನಿಂತಾಗಿಗಿಂತ ಚಲಿಸುವಾಗ ಸ್ಥಿರ.

ಮೇಲಿನ ಕೈ ಹುಟ್ಟಿನ ತುದಿ ಹಿಡಿಕೆ ಮೇಲೆ. ಎಲೆಯನ್ನ ಪಾದಕ್ಕಿಂತ ಮುಂದೆ ಪೂರ್ತಿ ಮುಳುಗಿಸಿ, ಆಮೇಲೆ ಎಳೀರಿ, ಪಾದದ ಹತ್ತಿರ ಬಂದಾಗ ತೆಗೀರಿ. ಅದಕ್ಕಿಂತ ಹಿಂದೆ ಎಳೆದ್ರೆ ಬೋರ್ಡ್ ತಿರುಗುತ್ತೆ ಹೊರತು ಮುಂದೆ ಹೋಗಲ್ಲ. ನಾಲ್ಕೈದು ಸಲಕ್ಕೊಮ್ಮೆ ಪಕ್ಕ ಬದಲಿಸಿ. ತಿರುಗಬೇಕಂದ್ರೆ ಮೂತಿಯಿಂದ ಬಾಲದವರೆಗೂ ದೊಡ್ಡ ಅರ್ಧಚಂದ್ರ ಎಳೀರಿ.

ಬೀಳ್ತೀರ. ಬೋರ್ಡಿಂದ ದೂರಕ್ಕೆ, ಅಗಲವಾಗಿ ಮೈ ಚೆಲ್ಲಿ ಬೀಳಿ, ತಲೆ ಮುಂದೆ ಮಾಡಿ ಹಾರ್ಬೇಡಿ, ಕೆಳಗೆ ಎಷ್ಟು ಆಳ ಅಂತ ಯಾರಿಗ್ಗೊತ್ತು. ಹತ್ತೋಕೆ ಬೋರ್ಡಿನ ನಡು ಭಾಗಕ್ಕೆ ಬಂದು ಒಂದು ಕೈಲಿ ಹಿಡಿಕೆ ಹಿಡಿದು, ಕಾಲನ್ನ ನೀರಿನ ಮಟ್ಟಕ್ಕೆ ಬರೋ ಹಾಗೆ ಬಡಿದು ಹೊಟ್ಟೆ ಮೇಲೆ ಜಾರಿ ಹತ್ತಿ. ಇದನ್ನ ಮೊದಲ ದಿನವೇ ದಡದ ಹತ್ತಿರ ಬೇಕಂತಲೇ ಬಿದ್ದು ಅಭ್ಯಾಸ ಮಾಡ್ಬೇಕು, ಹತ್ತೋಕೆ ಬರದೇ ಇರೋರು ಆಳಕ್ಕೆ ಹೋಗೋ ಹಾಗಿಲ್ಲ.

ಮನೆಗೆ ಹೊರಡೋ ಮುಂಚೆ

ಫಿನ್ನಿಗೆ, ಲೀಶಿಗೆ ಸಿಕ್ಕ ಅಂತರಗಂಗೆ ಚೂರನ್ನ ಅಲ್ಲೇ ಕಿತ್ತು ಹಾಕಿ, ಒಂದು ತುಂಡು ಸಾಕು ಮುಂದಿನ ಕೆರೆ ತುಂಬೋಕೆ. ಉಪ್ಪು ನೀರಾಗಿದ್ರೆ ಸಿಹಿನೀರಲ್ಲಿ ತೊಳೀರಿ. ಗಾಳಿ ಬಿಡುವಾಗ ಜೋರು ಸದ್ದು ಬರುತ್ತೆ, ಪಕ್ಕದಲ್ಲಿ ಮಗು ಇದ್ರೆ ಮೊದ್ಲೇ ಹೇಳಿ. ವಾಲ್ವ್ ಕಡೆಗೆ ಗಾಳಿ ಬರೋ ಹಾಗೆ ಎದುರು ತುದಿಯಿಂದ ಸುತ್ತಿ, ಮನೇಲಿ ಬಿಚ್ಚಿ ನೆರಳಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಸಡಿಲವಾಗಿ ಸುತ್ತಿಡಿ. ಒದ್ದೆ ಇಟ್ರೆ ಬೂಷ್ಟು, ಕಾರಿನ ಡಿಕ್ಕೀಲಿ ಬೇಸಿಗೆ ಪೂರ್ತಿ ಬಿಟ್ರೆ ಅಂಟು ಮೆತ್ತಗಾಗುತ್ತೆ.

ರಾತ್ರಿ ಕಳೆದು ಬೆಳಗಾಗೋದ್ರೊಳಗೆ ಗಾಳಿ ಇಳಿದಿದೆ ಅಂದ್ರೆ ಬೋರ್ಡೆಲ್ಲಾ ಹುಡುಕೋಕೆ ಮುಂಚೆ ಸೋಪಿನ ನೀರನ್ನ ವಾಲ್ವ್ ಸುತ್ತ ಹಾಕಿ ನೋಡಿ, ಎಷ್ಟೋ ಸಲ ಗುಳ್ಳೆ ಅಲ್ಲೇ ಬರೋದು, ಕಿಟ್ಟಲ್ಲಿರೋ ವಾಲ್ವ್ ಕೀಲಿಯಿಂದ ಬಿಗಿ ಮಾಡಿದ್ರೆ ಮುಗೀತು. ನಿಜವಾಗ್ಲೂ ತೂತಾಗಿದ್ರೆ ಗಾಳಿ ತೆಗೆದು, ಒಣಗಿಸಿ, ಪಿವಿಸಿ ಅಂಟಲ್ಲಿ ತೇಪೆ ಹಾಕಿ, ಮೇಲೆ ಭಾರ ಇಟ್ಟು ಒಂದು ದಿನ ಬಿಡಿ. ಆ ಅಂಟಿನ ಟ್ಯೂಬ್ ಒಮ್ಮೆ ತೆರೆದ್ರೆ ಒಳಗೇ ಗಟ್ಟಿಯಾಗಿ ಕೂತಿರುತ್ತೆ, ಹೊಸ ಟ್ಯೂಬ್ ಒಂದು ತಂದು ಬ್ಯಾಗಲ್ಲಿ ಹಾಕಿಡಿ.