ಹೋಗೋಕೆ ಮಂಡಕಳ್ಳಿ ವಿಮಾನ, ಬರೋಕೆ ರಾತ್ರಿ ಬಸ್ಸು

ಅಣ್ಣ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಫ್ಲ್ಯಾಟ್ ಕೊಂಡ. 2024ರ ಫೆಬ್ರವರಿ ಕೊನೆಗೆ ಗೃಹಪ್ರವೇಶ. ಅಮ್ಮನಿಗೆ ಎಪ್ಪತ್ತೆರಡು ವರ್ಷ, ಮಂಡಿನೋವು ಬೇರೆ. ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ವಿಮಾನ ಅಂದರೆ ನಮ್ಮ ಮೈಸೂರಿನವರಿಗೆ ದೇವನಹಳ್ಳಿಯೇ ನೆನಪಾಗುವುದು. ನಾನೂ ಮೊದಲು ಆ ಲೆಕ್ಕವನ್ನೇ ಹಾಕಿದೆ. ಫ್ಲೈಬಸ್ ಇಲ್ಲಿಂದ ನೇರವಾಗಿ ವಿಮಾನ ನಿಲ್ದಾಣಕ್ಕೇ ಬಿಡುತ್ತದೆ, ನಿಜ. ಆದರೆ ದೂರ 180 ಕಿ.ಮೀ.ಗಿಂತ ಜಾಸ್ತಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆ ಆದ ಮೇಲೆ ಬೆಂಗಳೂರಿನ ಬಾಗಿಲಿಗೆ ಬೇಗ ಸೇರುತ್ತೇವೆ. ಬಾಗಿಲು ದಾಟಿ ಆ ಕಡೆಗೆ ಹೋಗುವುದೇ ಕಷ್ಟ. ಬಸ್ಸಿಗೆ ನಾಲ್ಕು ಗಂಟೆ, ಅಲ್ಲಿ ಕಾಯುವುದಕ್ಕೆ ಎರಡು ಗಂಟೆ. ಹಾರುವುದು ಮಾತ್ರ ಒಂದೂಕಾಲು ಗಂಟೆ! ಆಗ ಮೈಸೂರಿನದೇ ಆದ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹೈದರಾಬಾದಿಗೆ ನೇರ ವಿಮಾನ ಇತ್ತು. ಅದನ್ನೇ ಹಿಡಿದೆ. ಇಲ್ಲಿಂದ ಹೋಗುವ ವಿಮಾನಗಳು ಆಗಾಗ ಶುರುವಾಗುತ್ತವೆ, ನಿಲ್ಲುತ್ತವೆ. ಹಾಗಾಗಿ ಮೊದಲು ವಿಮಾನ ಇದೆಯೋ ಇಲ್ಲವೋ ನೋಡಿಕೊಂಡು, ಆಮೇಲೆ ಮಿಕ್ಕಿದ್ದನ್ನು ಯೋಚಿಸಿ.

ಹೊರಡುವ ದಿನ ನಾನು ಆಟೋ ಕರೆಯಲು ಹೋದೆ. ಅಮ್ಮ ಬಿಡಲಿಲ್ಲ. "ನಂಜನಗೂಡು ಬಸ್ಸು ಅದೇ ದಾರೀಲಿ ತಾನೆ ಹೋಗೋದು? ನಂಗೆ ಫ್ರೀ ಕಣೋ" ಅಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವರ ಪರ್ಸಿನಲ್ಲಿ ಆಧಾರ್ ಕಾರ್ಡು ಮೇಲೆಯೇ ಇರುತ್ತದೆ. ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸು ಹತ್ತಿ, ಶೂನ್ಯ ಟಿಕೆಟ್ ಹರಿಸಿಕೊಂಡು ವಿಮಾನ ಹಿಡಿಯಲು ಹೋದೆವು. ನನ್ನದು ಮಾತ್ರ ದುಡ್ಡಿನ ಟಿಕೆಟ್. ಮಂಡಕಳ್ಳಿಯಲ್ಲಿ ಇಳಿದರೆ ವಿಮಾನ ನಿಲ್ದಾಣ ಹೆದ್ದಾರಿಯ ಪಕ್ಕದಲ್ಲೇ ಇದೆ. ದೊಡ್ಡ ಸೂಟ್‌ಕೇಸ್ ಇದ್ದರೆ ಈ ಸಾಹಸ ಬೇಡ.

ಲಗೇಜ್ ಕೌಂಟರಿನಲ್ಲಿ ಒಂದು ಪೇಚಾಟ. "ಬ್ಯಾಗಲ್ಲಿ ಕೊಬ್ಬರಿ ಇದೆಯಾ?" ಅಂತ ಕೇಳಿದರು. ಇತ್ತು. ಸೊಸೆಯ ಮಡಿಲು ತುಂಬಲು ಅಮ್ಮ ಆರಿಸಿ ತಂದ ಕೊಬ್ಬರಿ ಗಿಟುಕು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಒಂದೇ ಕಡೆ ತುಂಬಿಟ್ಟರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದವರು ಅದನ್ನು ಅಪಾಯದ ಸಾಮಾನುಗಳ ಪಟ್ಟಿಗೆ ಸೇರಿಸಿದ್ದಾರೆ. ಅಮ್ಮನಿಗೆ ಇದನ್ನು ನಂಬಿಸುವಷ್ಟರಲ್ಲಿ ಸಾಕಾಯಿತು. "ನಮ್ಮ ಅಟ್ಟದ ಮೇಲೆ ಇಷ್ಟು ವರ್ಷ ಇಟ್ಟಿದ್ದೀವಿ, ಯಾವತ್ತು ಹೊತ್ತಿಕೊಂಡಿದೆ?" ಕೊನೆಗೆ ಯಾರನ್ನೋ ಬೀಳ್ಕೊಡಲು ಬಂದಿದ್ದ ಹೆಂಗಸಿನ ಕೈಗೆ ಕೊಟ್ಟು ಬಂದರು. ಮೈಸೂರು ಪಾಕಿಗೆ ಯಾರೂ ತಕರಾರು ಮಾಡಲಿಲ್ಲ.

ಮಂಡಕಳ್ಳಿ ರನ್‌ವೇ 1,740 ಮೀಟರ್ ಅಷ್ಟೇ. ದೇವನಹಳ್ಳಿಯದು 4,000 ಮೀಟರ್. ಅದಕ್ಕೇ ಇಲ್ಲಿ ದೊಡ್ಡ ಜೆಟ್ ಇಳಿಯುವುದಿಲ್ಲ, ರೆಕ್ಕೆಗೆ ಪಂಕ ಇರುವ ಎಟಿಆರ್ ಬರುತ್ತದೆ. ಉದ್ದ ಮಾಡುತ್ತಾರೆ ಅನ್ನುವ ಮಾತನ್ನು ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಆದರೆ ಮಂಡಿನೋವಿನವರಿಗೆ ಈ ಪುಟ್ಟ ವಿಮಾನವೇ ವಾಸಿ ಅನ್ನಿಸಿತು. ಹತ್ತುವ ಬಾಗಿಲು ಹಿಂದೆ ಇರುತ್ತದೆ, ಮೆಟ್ಟಿಲು ನಾಲ್ಕಾರು ಅಷ್ಟೇ. ನಾನು ಬೇಕೆಂದೇ ಹಿಂದಿನ ಸಾಲಿನ ಸೀಟು ಹಾಕಿದ್ದೆ. ಹೆಚ್ಚು ನಡೆಯದೆ ಕೂತರು, ಇಳಿಯುವಾಗಲೂ ಮೊದಲು ಇಳಿದರು. ಒಂದು ಸಾಲಿಗೆ ಆ ಕಡೆ ಎರಡು, ಈ ಕಡೆ ಎರಡು ಸೀಟು. ನಡುವೆ ಸಿಕ್ಕಿಕೊಳ್ಳುವ ಮಾತೇ ಇಲ್ಲ. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನದೆಲ್ಲ ಕಾಣುತ್ತದೆ. ಚಾಮುಂಡಿ ಬೆಟ್ಟ ಕಂಡ ಕೂಡಲೇ ಅಮ್ಮ ಕೂತಲ್ಲೇ ಕೈ ಮುಗಿದರು. ಶಬ್ದ ಮಾತ್ರ ಸ್ವಲ್ಪ ಜಾಸ್ತಿ, ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ಹೈದರಾಬಾದಿನ ವಿಮಾನ ನಿಲ್ದಾಣ ಇರುವ ಶಂಷಾಬಾದಿನಲ್ಲಿ ಇಳಿದು ಹೊರಗೆ ಬಂದರೆ ಪುಷ್ಪಕ್ ಅನ್ನುವ ಎಸಿ ಬಸ್ಸುಗಳು ಸಿಗುತ್ತವೆ. ಕೂಕಟ್‌ಪಲ್ಲಿಗೆ ಹೋಗುವವರು ಗಚ್ಚಿಬೌಲಿ ಮೇಲೆ ಜೆಎನ್‌ಟಿಯುಗೆ ಹೋಗುವುದನ್ನು ಹತ್ತಬೇಕು. ಅಮ್ಮ ಇಲ್ಲೂ ಆಧಾರ್ ತೆಗೆದರು! ತೆಲಂಗಾಣದಲ್ಲೂ 2023ರ ಡಿಸೆಂಬರ್‌ನಿಂದ ಹೆಂಗಸರಿಗೆ ಫ್ರೀ ಬಸ್ಸು ಇದೆ, ಆದರೆ ಆ ರಾಜ್ಯದವರಿಗೆ ಮಾತ್ರ, ಅದೂ ಪಲ್ಲೆ ವೆಲುಗು ಅನ್ನುವ ಹಳ್ಳಿ ಬಸ್ಸು, ಎಕ್ಸ್‌ಪ್ರೆಸ್ ಥರದ ಬಸ್ಸುಗಳಲ್ಲಿ. ಕಂಡಕ್ಟರ್ ಕಾರ್ಡು ನೋಡಿ, "ಮೈಸೂರಾ ಅಮ್ಮಾ?" ಅಂತ ನಕ್ಕು, ಎರಡು ಟಿಕೆಟ್ ಹರಿದುಕೊಟ್ಟ.

ಗೃಹಪ್ರವೇಶ ಚೆನ್ನಾಗಿ ಆಯಿತು. ಅತ್ತಿಗೆ ಅಲ್ಲೇ ಅಂಗಡಿಯಲ್ಲಿ ಕೊಬ್ಬರಿ ತಂದರು.

ವಾಪಸ್ ಬರಲು ಏನೂ ಅವಸರ ಇರಲಿಲ್ಲ. ಆದ್ದರಿಂದ ರಾತ್ರಿಯ ಸ್ಲೀಪರ್ ಬಸ್ಸು. ಜೆಎನ್‌ಟಿಯು ಕಾಲೇಜ್ ಸ್ಟೇಷನ್ನಿನಿಂದ ಎಂಜಿಬಿಎಸ್ ಬಸ್ ಸ್ಟ್ಯಾಂಡಿಗೆ ಕೆಂಪು ಲೈನಿನ ಒಂದೇ ಮೆಟ್ರೋ, ನಡುವೆ ಬದಲಾಯಿಸಬೇಕಾಗಿಲ್ಲ. ಆ ಬಸ್ ಸ್ಟ್ಯಾಂಡ್ ಬಹಳ ದೊಡ್ಡದು, ಪ್ಲಾಟ್‌ಫಾರ್ಮ್ ಹುಡುಕುವುದಕ್ಕೇ ಅರ್ಧ ಗಂಟೆ ಇಟ್ಟುಕೊಳ್ಳಿ. ಬುಕ್ ಮಾಡುವಾಗ ಬಸ್ಸಿನ ನಡುಭಾಗದಲ್ಲಿ ಕೆಳಗಿನ ಬರ್ತು ನೋಡಿ. ಹಿಂದಿನ ಚಕ್ರದ ಮೇಲೆ ಮಲಗಿದರೆ ಸೊಂಟ ಹೋಗುತ್ತದೆ. ಹತ್ತುವಾಗಲೇ ಡ್ರೈವರಿಗೆ, "ವಯಸ್ಸಾದವರಿದ್ದಾರೆ, ನಡುವೆ ಒಂದೆರಡು ಸಲ ನಿಲ್ಲಿಸಬೇಕಾಗುತ್ತೆ" ಅಂತ ಹೇಳಿಟ್ಟೆ. ರಾತ್ರಿ ಎರಡು ಗಂಟೆಗೆ ಹೋಗಿ ಕೇಳುವುದಕ್ಕಿಂತ ಇದು ಸುಲಭ. ಊಟಕ್ಕೆ ಜಡ್ಚರ್ಲಾ ದಾಟಿದ ಮೇಲೆ ನಿಲ್ಲಿಸಿದರು. ಬಸ್ಸಿನವರು ಕೊಟ್ಟ ಹೊದಿಕೆ ಎಸಿ ಚಳಿಗೆ ಏನೇನೂ ಸಾಲಲಿಲ್ಲ. ಅಮ್ಮ ಮೈಸೂರಿನಿಂದಲೇ ತಂದಿದ್ದ ಶಾಲು ಹೊದ್ದು ಮಲಗಿದರು. ನಾನು ನಡುಗಿದೆ.

ಕರ್ನೂಲು, ಅನಂತಪುರ ಎಲ್ಲ ನಿದ್ದೆಯಲ್ಲೇ ಕಳೆಯಿತು. ಬಾಗೇಪಲ್ಲಿಯಲ್ಲಿ ಕನ್ನಡ ಬೋರ್ಡು ಕಾಣುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ದೇವನಹಳ್ಳಿ ಹತ್ತಿರ ತಲೆಯ ಮೇಲೆ ವಿಮಾನ ಇಳಿಯಿತು. "ಇಲ್ಲೇ ಇಳಿದಿದ್ದರೆ ಮನೆಗೆ ಇನ್ನೆಷ್ಟು ಹೊತ್ತು?" ಅಂತ ಅಮ್ಮ ಕೇಳಿದರು. "ನಾಲ್ಕು ಗಂಟೆ" ಅಂದೆ. ಅಮ್ಮ ಮತ್ತೆ ಶಾಲು ಎಳೆದುಕೊಂಡರು.

ಮೈಸೂರು ತಲುಪಿದಾಗ ಹತ್ತೂವರೆ. ನಾನು ಆಟೋ ಕಡೆ ಕೈ ಎತ್ತಿದೆ. ಅಮ್ಮ ಆಗಲೇ ಪರ್ಸ್ ತೆಗೆದು ಸಿಟಿ ಬಸ್ ಸ್ಟ್ಯಾಂಡ್ ಯಾವ ಕಡೆ ಅಂತ ಯಾರನ್ನೋ ಕೇಳುತ್ತಿದ್ದರು.